ಶ್ಲೋಕದ ಪ್ರಸ್ತಾರಕ್ಕಿಂತ ಒಂದು ಹೆಚ್ಚು

ಅನುಷ್ಟುಪ್ ಶ್ಲೋಕವೊಂದರಲ್ಲಿ ಪಾದಕ್ಕೆ ಎಂಟರಂತೆ ನಾಲ್ಕು ಪಾದಗಳಿಗೆ ಮೂವತ್ತೆರಡು ಅಕ್ಷರಗಳು. ಒಂದೊಂದು ಅಕ್ಷರವೂ ಲಘುವಾಗಿರಬಹುದು, ಇಲ್ಲವೆ ಗುರುವಾಗಿರಬಹುದು. ಐದನೆಯದು ಲಘುವಾಗಿರಬೇಕು, ಆರನೆಯದು ಗುರುವಾಗಿರಬೇಕು ಎಂಬಂಥ ಲಕ್ಷಣನಿಯಮಗಳನ್ನೆಲ್ಲ ಸದ್ಯಕ್ಕೆ ಬದಿಗಿರಿಸಿ, ಈ ಮೂವತ್ತೆರಡು ಸ್ಥಾನಗಳಲ್ಲಿ ಲಘುಗುರುಗಳನ್ನು ಒಟ್ಟು ಎಷ್ಟು ಬಗೆಯಾಗಿ ಹೊಂದಿಸಬಹುದೆಂದು ಛಂದಶ್ಶಾಸ್ತ್ರ ಬಲ್ಲವನನ್ನು ಕೇಳಿದರೆ ಅವನು ಪ್ರಸ್ತಾರವನ್ನು, ಎಂದರೆ ಆ ಬಗೆಗಳೆಲ್ಲದರ ಪಟ್ಟಿಯನ್ನು, ಬರೆಯತೊಡಗುವುದಿಲ್ಲ. ಬರೆಯತೊಡಗಿದರೆ ಅದು ಅವನ ಆಯುಷ್ಯದಲ್ಲಿ ಮುಗಿಯುವ ಕೆಲಸವೂ ಅಲ್ಲ. ಇದಕ್ಕೆ ಛಂದಸ್ಸೂತ್ರಗಳ ಕರ್ತೃವಾದ ಪಿಂಗಳನು ಹೇಳಿಕೊಟ್ಟ ಸುಲಭವಾದ ಕ್ರಮವೊಂದಿದೆ. ಅಕ್ಷರಸಂಖ್ಯೆಯನ್ನು ಅರ್ಧಿಸುತ್ತ ಹೋಗಬೇಕು, ಅರ್ಧಿಸಲಾಗದೆಡೆಯಲ್ಲಿ ಒಂದನ್ನು ಕಳೆಯಬೇಕು. ಬಳಿಕ ಒಂದರಿಂದ ತೊಡಗಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತ, ಒಂದನ್ನು ಕಳೆದೆಡೆಯಲ್ಲಿ ಇಮ್ಮಡಿಸಬೇಕು, ಅರ್ಧಿಸಿದೆಡೆಯಲ್ಲಿ ವರ್ಗಿಸಬೇಕು. ಮೂವತ್ತೆರಡನ್ನು ಐದು ಸಲ ಅರ್ಧಿಸಿದರೆ ಒಂದು ಉಳಿದು, ಅದರಿಂದ ಒಂದನ್ನು ಕಳೆಯಬೇಕಾಗುವ ಕಾರಣ, ಹಿಂದಿರುಗುವಾಗ ಒಂದನ್ನು ಇಮ್ಮಡಿಸಿ ಬಂದ ಎರಡನ್ನು ಐದು ಸಲ ವರ್ಗಿಸಿದರೆ ಉತ್ತರ ಸಿದ್ಧವಾಯಿತು: 2, 4, 16, 256, 65536, ಅದರಾಚೆಗೆ 4294967296.

ಈ ಕೊನೆಯ ಸಂಖ್ಯೆಗೆ ಒಂದನ್ನು ಕೂಡಿಸಿದರೆ ದೊರೆಯುವ 4294967297 ಎಂಬುದೇ ಇಂದಿನ ನಮ್ಮ ವಿಷಯ. ನಮ್ಮ ರೂಢಿಯಂತೆ ಓದುವುದಾದರೆ ಅದು ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಕೋಟಿಗಳ ಲೆಕ್ಕದ ಸರಕಾರಿ ಆಯವ್ಯಯಗಳನ್ನು ದಿನವೂ ಓದುವ ಈ ಕಾಲದಲ್ಲಿ ಇದೇನೂ ಬೆರಗುಗೊಳಿಸುವ ಗಾತ್ರವಲ್ಲ. ಆದರೆ ಗಣಿತದ ಇತಿಹಾಸದಲ್ಲಿ ಒಬ್ಬ ಮಹಾಪುರುಷನ ಮಾತನ್ನು ಸುಳ್ಳಾಗಿಸಿ, ಇನ್ನೊಬ್ಬನ ಕೀರ್ತಿಗೆ ನಾಂದಿ ಹಾಡಿ, ಮೂರನೆಯವನ ಪ್ರಮೇಯಕ್ಕೆ ಎಲ್ಲೆಕಲ್ಲಾಗಿ ನಿಂತ ಸಂಖ್ಯೆಗಳು ಬಹಳವಿಲ್ಲ; ಹಾಗೆ ನಿಂತಿರುವುದರಲ್ಲಿ ಇದು ಅಗ್ರಗಣ್ಯವೆಂದೇ ನನ್ನ ಭಾವನೆ.

ಮೊದಲನೆಯವನು ಪಿಯೆರ್ ದ ಫರ್ಮಾ. ಫ್ರಾನ್ಸಿನ ತುಲೂಸ್ ನಗರದ ಉಚ್ಚ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದು, ಬಿಡುವಿನ ವೇಳೆಯಲ್ಲಿ ಮಾತ್ರ ಗಣಿತದಲ್ಲಿ ತೊಡಗುತ್ತಿದ್ದ ಈತನು ತನ್ನ ಆವಿಷ್ಕಾರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸುವ ಗೊಡವೆಗೆ ಹೋಗದೆ ಮಿತ್ರರಿಗೆ ಬರೆದ ಪತ್ರಗಳಲ್ಲಿಯೂ ಪುಸ್ತಕಗಳ ಅಂಚುಗಳಲ್ಲಿಯೂ ಚೆಲ್ಲಿಬಿಡುತ್ತಿದ್ದನು. 1640ರಲ್ಲಿ ಫ್ರೆನಿಕ್ಲ್ ಎಂಬ ಸಂಖ್ಯಾರಸಿಕನಿಗೆ ಬರೆದ ಪತ್ರವೊಂದರಲ್ಲಿ ಆತನು ಎರಡನ್ನು ಮತ್ತೆ ಮತ್ತೆ ವರ್ಗಿಸಿ ಒಂದನ್ನು ಕೂಡಿಸಿದಾಗ ಸಿಕ್ಕುವ ಸಂಖ್ಯೆಗಳ ಪಂಕ್ತಿಯನ್ನು ಮುಂದಿರಿಸಿದನು: 3, 5, 17, 257, 65537, 4294967297, ಹೀಗೆ. ವರ್ಗಿಸುವ ಮೊದಲಿನ ಮೂರನ್ನು ಸೊನ್ನೆಯನೆಯದೆಂದು ಎಣಿಸುವುದು ಸಂಪ್ರದಾಯವಾದ್ದರಿಂದ ನಮ್ಮದು ಐದನೆಯ ಫರ್ಮಾ ಸಂಖ್ಯೆ. ಈ ಪಂಕ್ತಿಯ ಪ್ರತಿಯೊಂದು ಸಂಖ್ಯೆಯೂ ಅವಿಭಾಜ್ಯವೆಂದು, ಎಂದರೆ ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗತಕ್ಕದ್ದಲ್ಲವೆಂದು, ತನಗೆ ಬಹುಮಟ್ಟಿಗೆ ಮನವರಿಕೆಯಾಗಿದೆಯೆಂದೂ, ಆದರೆ ಪೂರ್ಣವಾದ ಸಾಧನೆ ಇನ್ನೂ ಕೈಗೂಡಿಲ್ಲವೆಂದೂ ಆತನು ತಿಳಿಸಿದನು. ಹದಿನಾಲ್ಕು ವರ್ಷಗಳ ತರುವಾಯ, 1654ರಲ್ಲಿ, ಗಣಿತಜ್ಞ ಪಾಸ್ಕಲನಿಗೆ ಬರೆದಾಗಲೂ ಅದೇ ನಂಬಿಕೆ, ಅದೇ ಸಾಧನೆಯ ಕೊರತೆ. ಮೊದಲ ಐದು ಸಂಖ್ಯೆಗಳ ಮಟ್ಟಿಗೆ ಆತನ ಮಾತು ಸತ್ಯವೇ ಸರಿ. 65537 ಕೂಡ ಅವಿಭಾಜ್ಯವೇ. ಆರನೆಯದಾಗಿ ಬರುವ ನಮ್ಮ ಸಂಖ್ಯೆಯಲ್ಲಿ ಮಾತು ಎಡವಿತು.

ಎಡವಿದ್ದು ದೊಡ್ಡದಲ್ಲ, ದೊಡ್ಡವರು ಹೇಳಿದ ತಪ್ಪುಗಳ ಪಟ್ಟಿ ಎಲ್ಲ ಶಾಸ್ತ್ರಗಳಲ್ಲಿಯೂ ಉದ್ದವಾಗಿಯೇ ಇದೆ. ಆಶ್ಚರ್ಯವಿರುವುದು ಅನ್ಯತ್ರ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 4294967297ರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 6542. ಇಷ್ಟು ಭಾಗಾಕಾರಗಳನ್ನು ಕೈಯಲ್ಲಿ ಮಾಡುವುದು ತಪಸ್ಸೇ ಆದರೂ, ಪ್ರಕೃತದಲ್ಲಿ ತಪಸ್ಸು ಅಷ್ಟು ದೂರ ಸಾಗಬೇಕಾಗಿರಲಿಲ್ಲ. ಎರಡು, ಮೂರು, ಐದು, ಏಳು ಎಂದು ಕ್ರಮವಾಗಿ ಹೊರಟವನು ನೂರಹದಿನಾರನೆಯ ಅವಿಭಾಜ್ಯಕ್ಕೆ ಬಂದೊಡನೆ ಶೇಷ ಸೊನ್ನೆಯಾಗುವುದನ್ನು ಕಾಣುತ್ತಿದ್ದನು. ಆ ಅವಿಭಾಜ್ಯವೇ 641. ತಾಳ್ಮೆಯುಳ್ಳ ಗುಮಾಸ್ತನೊಬ್ಬನಿಗೆ ಇದು ಒಂದೆರಡು ದಿನಗಳ ಕೆಲಸ. ಆದರೂ 1640ರಿಂದ 1732ರವರೆಗೆ, ತೊಂಬತ್ತೆರಡು ವರ್ಷಗಳ ಕಾಲ, ಅದನ್ನು ಮಾಡಿ ಜಗತ್ತಿಗೆ ತಿಳಿಸಿದವರು ಯಾರೂ ಇಲ್ಲ. ಫರ್ಮಾನ ಹೆಸರೇ ಪ್ರಮಾಣವೆಂದು ಎಲ್ಲರೂ ಭಾವಿಸಿದರೋ, ಇಲ್ಲವೆ ಸಂಖ್ಯೆಗಳ ಸ್ವಭಾವವನ್ನು ಕುರಿತ ಇಂಥ ಕುತೂಹಲವೇ ಆ ತಲೆಮಾರುಗಳಲ್ಲಿ ಬತ್ತಿಹೋಗಿತ್ತೋ! ಎರಡೂ ಇದ್ದಿರಬಹುದು.

ಇದಕ್ಕಿಂತಲೂ ವಿಚಿತ್ರವೆಂದರೆ, ನೂರಹದಿನಾರು ಭಾಗಾಕಾರಗಳನ್ನು ಐದಕ್ಕೆ ಇಳಿಸಬಲ್ಲ ಸಾಧನ ಫರ್ಮಾನ ಕೈಯಲ್ಲಿಯೇ ಇದ್ದಿತು. ಅದೇ 1640ರಲ್ಲಿ ಆತನು ಎರಡರ 37ನೆಯ ಘಾತದಲ್ಲಿ ಒಂದನ್ನು ಕಳೆದರೆ ಸಿಕ್ಕುವ ಸಂಖ್ಯೆಯನ್ನು ಪರೀಕ್ಷಿಸಿದ್ದನು. ಅದರ ಅವಿಭಾಜ್ಯ ಭಾಜಕ ಯಾವುದೇ ಇರಲಿ, ಅದು 74ರ ಅಪವರ್ತ್ಯಕ್ಕೆ ಒಂದನ್ನು ಕೂಡಿಸಿದ ರೂಪದಲ್ಲಿಯೇ ಇರಬೇಕೆಂಬುದನ್ನು ಆತನು ಕಂಡುಕೊಂಡಿದ್ದ ಕಾರಣ 75, 149, 223 ಎಂದು ಮೂರೇ ಹೆಜ್ಜೆ ಇಟ್ಟು 223ರಿಂದ ಅದು ಭಾಗವಾಗುವುದೆಂದು ತೋರಿಸಿಕೊಟ್ಟನು. ಇಂಥದೇ ವಿಚಾರವನ್ನು ತನ್ನ ಪ್ರೀತಿಯ ಪಂಕ್ತಿಗೂ ಅನ್ವಯಿಸಿದ್ದರೆ ಭ್ರಮೆ ಅಂದೇ ಕಳೆಯುತ್ತಿತ್ತು. ಅನ್ವಯಿಸಿ ಲೆಕ್ಕದಲ್ಲಿ ಎಲ್ಲಿಯೋ ಜಾರಿದನೆಂದು ಊಹಿಸುವ ಇತಿಹಾಸಕಾರರಿದ್ದಾರೆ; ಅದು ಊಹೆಯೇ.

ಆ ವಿಚಾರವೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಈ ಸಂಖ್ಯೆಯ ಸ್ವಾರಸ್ಯವೆಲ್ಲ ಅದರಲ್ಲಿಯೇ ಅಡಗಿದೆ. ಎರಡಲ್ಲದ ಒಂದು ಅವಿಭಾಜ್ಯವನ್ನು ಹಿಡಿದುಕೊಂಡು, ಎರಡರ ಘಾತಗಳನ್ನು ಒಂದಾದ ಮೇಲೊಂದರಂತೆ ಅದರಿಂದ ಭಾಗಿಸಿ ಶೇಷಗಳನ್ನು ಬರೆಯುತ್ತ ಹೋದರೆ, ಶೇಷಗಳು ಎಲ್ಲಿಯೋ ಒಂದೆಡೆ 1ಕ್ಕೆ ಮರಳಿ, ಅಲ್ಲಿಂದ ಮೊದಲಿನಂತೆಯೇ ಪುನರಾವರ್ತಿಸುತ್ತವೆ. ಉದಾಹರಣೆಗೆ 7ರಿಂದ ಭಾಗಿಸಿದರೆ 2, 4, 1, ಮತ್ತೆ 2, 4, 1. ಆವರ್ತದ ಉದ್ದ ಮೂರು. ಈ ಉದ್ದವು ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆಯೆಂಬುದು, ಇಲ್ಲಿ ಮೂರು ಆರನ್ನು ಭಾಗಿಸುವಂತೆ, ಫರ್ಮಾನೇ ಸಾರಿದ ಪ್ರಮೇಯದಿಂದ ಬರುವ ಫಲ. ಈಗ ಯಾವುದೋ ಒಂದು ಅವಿಭಾಜ್ಯವು 4294967297ನ್ನು ಭಾಗಿಸುತ್ತದೆಯೆಂದು ಇಟ್ಟುಕೊಳ್ಳೋಣ. ಹಾಗಾದರೆ ಎರಡರ 32ನೆಯ ಘಾತದ ಶೇಷ 1 ಅಲ್ಲ, ಅದಕ್ಕೆ ವಿರುದ್ಧವಾದ ಋಣ 1. ಅದನ್ನು ವರ್ಗಿಸಿದಾಗ, ಎಂದರೆ 64ನೆಯ ಘಾತದಲ್ಲಿ, ಶೇಷ 1 ಆಗುತ್ತದೆ. ಆದುದರಿಂದ ಆವರ್ತದ ಉದ್ದ 64ನ್ನು ಭಾಗಿಸಬೇಕು, ಆದರೆ 32ನ್ನು ಭಾಗಿಸಕೂಡದು. ಅಂಥದು 64 ಒಂದೇ. ಹೀಗೆ, ನಮ್ಮ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವಾದರೂ 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿಯೇ ಇರತಕ್ಕದ್ದು. 65, 129, 193, 257, 321, 385, 449, 513, 577, 641 ಎಂದು ಅರವತ್ನಾಲ್ಕರ ಮಗ್ಗಿಯನ್ನು ಒಂದು ಮುಂದಕ್ಕೆ ಸರಿಸಿ ಹೇಳುತ್ತ ಹೋಗಿ, ಅವುಗಳಲ್ಲಿ ಅವಿಭಾಜ್ಯವಲ್ಲದವನ್ನು ಬಿಟ್ಟರೆ ಉಳಿಯುವುವು 193, 257, 449, 577, 641. ಐದನೆಯ ಪ್ರಯತ್ನದಲ್ಲಿ ಬಾಗಿಲು ತೆರೆಯುತ್ತದೆ.

ತೆರೆದವನು ಲೆಯೋನಾರ್ಡ್ ಆಯ್ಲರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿ, ಇಪ್ಪತ್ತನೆಯ ವಯಸ್ಸಿನಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಗೆ ಬಂದು ಸೇರಿದ್ದ ಈ ಯುವಕನಿಗೆ 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಎಂಬ ವಿದ್ವಾಂಸನಿಂದ ಒಂದು ಪತ್ರ ಬಂದಿತು. ಫರ್ಮಾನ ಈ ಹೇಳಿಕೆ ನಿನಗೆ ತಿಳಿದಿದೆಯೆ, ಇದನ್ನು ಯಾರಾದರೂ ಸಾಧಿಸಿದ್ದಾರೆಯೆ ಎಂಬುದು ಅದರ ಕೊನೆಯಲ್ಲಿ ಸೇರಿಸಿದ್ದ ಪ್ರಶ್ನೆ. ಆಯ್ಲರನು ಮೊದಲು ಅಷ್ಟು ಆಸಕ್ತಿ ತೋರಲಿಲ್ಲ. ಗೋಲ್ಡ್‌ಬಾಖ್ ಬಿಡದೆ ಮತ್ತೆ ಎತ್ತಿದನು. ಅಂಥ ಹಟಮಾರಿ ಮಿತ್ರರು ಶಾಸ್ತ್ರಕ್ಕೆ ಮಾಡುವ ಉಪಕಾರವನ್ನು ಯಾರೂ ಲೆಕ್ಕವಿಡುವುದಿಲ್ಲ. ಕಡೆಗೆ ಫರ್ಮಾನ ಬರಹಗಳನ್ನು ತರಿಸಿ ಓದತೊಡಗಿದ ಆಯ್ಲರನು 1732ರಲ್ಲಿ ಅಕಾಡೆಮಿಯ ಮುಂದಿಟ್ಟ ಪ್ರಬಂಧದಲ್ಲಿ, ಈ ಸಂಖ್ಯೆ 641ರಿಂದ ಭಾಗವಾಗುತ್ತದೆಯೆಂದು, ಪರೀಕ್ಷಿಸಬೇಕೆಂದವರು ಪರೀಕ್ಷಿಸಿಕೊಳ್ಳಬಹುದೆಂಬ ಧಾಟಿಯಲ್ಲಿ, ಹೇಳಿ ಮುಂದೆ ಸಾಗಿದನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಅರವತ್ನಾಲ್ಕರ ಅಪವರ್ತ್ಯದ ಯುಕ್ತಿಯನ್ನು ಸಾಧನೆಯೊಡನೆ ಅವನು ಬಹಿರಂಗಪಡಿಸಿದುದು ಹಲವು ವರ್ಷಗಳ ಅನಂತರ ಬರೆದ ಇನ್ನೊಂದು ಪ್ರಬಂಧದಲ್ಲಿ.

ಪರೀಕ್ಷೆ ನಿಜವಾಗಿಯೂ ಕಾಗದದ ಒಂದು ಮೂಲೆಯಲ್ಲಿ ಮುಗಿಯುವಂಥದು. 65536ನ್ನು 641ರಿಂದ ಭಾಗಿಸಿದರೆ 102 ಸಲ ಹೋಗಿ 154 ಉಳಿಯುತ್ತದೆ. ನಮ್ಮ ಸಂಖ್ಯೆ 65536ರ ವರ್ಗಕ್ಕೆ ಒಂದನ್ನು ಕೂಡಿಸಿದ್ದಾದ್ದರಿಂದ, ಶೇಷದ ಮಟ್ಟಿಗೆ 154ರ ವರ್ಗಕ್ಕೆ ಒಂದನ್ನು ಕೂಡಿಸಿದರೆ ಸಾಕು. 154ರ ವರ್ಗ 23716. ಒಂದು ಸೇರಿದರೆ 23717. ಅದು 641ರ ಸರಿಯಾಗಿ 37ರಷ್ಟು. ಮುಗಿಯಿತು. ಭಾಗಲಬ್ಧ 6700417.

ಇದು ನಿಜವೆಂದು ತೋರಿಸುತ್ತದೆ, ಏಕೆ ನಿಜವೆಂದು ಹೇಳುವುದಿಲ್ಲ ಎಂದು ಆಕ್ಷೇಪಿಸುವ ಓದುಗರಿಗಾಗಿ ಇನ್ನೊಂದು ದಾರಿಯಿದೆ; ಸೊಗಸಿನಲ್ಲಿ ಅದಕ್ಕೆ ಸಮನಾದುದನ್ನು ನಾನು ಪ್ರಾಥಮಿಕ ಗಣಿತದಲ್ಲಿ ಹೆಚ್ಚಾಗಿ ಕಂಡಿಲ್ಲ. 641 ಎಂಬ ಸಂಖ್ಯೆಗೆ ಎರಡು ಮುಖಗಳು. ಒಂದು ಕಡೆ ಅದು 640ಕ್ಕಿಂತ ಒಂದು ಹೆಚ್ಚು. ಇನ್ನೊಂದು ಕಡೆ ಅದು 625 ಮತ್ತು 16ರ ಮೊತ್ತ, ಎಂದರೆ ಐದರ ನಾಲ್ಕನೆಯ ಘಾತ ಹಾಗೂ ಎರಡರ ನಾಲ್ಕನೆಯ ಘಾತ ಇವುಗಳ ಮೊತ್ತ. 640ರ ನಾಲ್ಕನೆಯ ಘಾತ 167772160000. ಅದರಲ್ಲಿ ಒಂದನ್ನು ಕಳೆದರೆ ಉಳಿಯುವುದು 641ರಿಂದ ಭಾಗವಾಗಲೇಬೇಕು, ಏಕೆಂದರೆ ಯಾವುದೇ ಸಂಖ್ಯೆಯ ನಾಲ್ಕನೆಯ ಘಾತದಲ್ಲಿ ಒಂದನ್ನು ಕಳೆದರೆ ಅದು ಆ ಸಂಖ್ಯೆಗಿಂತ ಒಂದು ಹೆಚ್ಚಾದುದರಿಂದ ಭಾಗವಾಗುತ್ತದೆ. ಇನ್ನು 640 ಎಂಬುದು ಐದು ಮತ್ತು 128ರ ಗುಣಲಬ್ಧವಾದ್ದರಿಂದ ಅದೇ 167772160000 ಎಂಬುದು 625 ಸಲ ಎರಡರ 28ನೆಯ ಘಾತ. ಅದಕ್ಕೆ 16 ಸಲ ಎರಡರ 28ನೆಯ ಘಾತವನ್ನು ಸೇರಿಸಿದರೆ 641 ಸಲ ಎರಡರ 28ನೆಯ ಘಾತವಾಗುತ್ತದೆ; ಅಂಕಿಗಳಲ್ಲಿ 172067127296. ಇದೂ ಸ್ಪಷ್ಟವಾಗಿ 641ರ ಅಪವರ್ತ್ಯ. ಎರಡು ಅಪವರ್ತ್ಯಗಳ ವ್ಯತ್ಯಾಸವೂ ಅಪವರ್ತ್ಯವೇ. 172067127296ರಿಂದ 167772159999ನ್ನು ಕಳೆಯಿರಿ, ಉಳಿಯುವುದು 4294967297. ಎಲ್ಲಿಯೂ ಭಾಗಾಕಾರದ ಸೋಂಕಿಲ್ಲದೆ ಭಾಜ್ಯತೆ ಸಿದ್ಧವಾಯಿತು.

6700417 ಎಂಬ ಇನ್ನೊಂದು ಅಪವರ್ತನವು ಸ್ವತಃ ಅವಿಭಾಜ್ಯವೆ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಲೂಕಾ ಎಂಬವನು ಆಯ್ಲರನ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, ಐದನೆಯ ಫರ್ಮಾ ಸಂಖ್ಯೆಯ ಭಾಜಕಗಳು 64ರದಲ್ಲ, 128ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕೆಂದು ತೋರಿಸಿದನು. 6700417ರ ವರ್ಗಮೂಲ 2588ರ ಆಸುಪಾಸಿನಲ್ಲಿದೆ. ಅಷ್ಟರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಇವುಗಳಲ್ಲಿ 257 ಭಾಗಿಸಲಾರದೆಂಬುದಕ್ಕೆ ಬೇರೆ ಕಾರಣವಿದೆ, ಅದನ್ನು ಈಗಲೇ ಹೇಳಲಿದ್ದೇನೆ. ಉಳಿದ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ 44, 120, 334, 622 ಶೇಷ ಬರುತ್ತವೆ. ಹೀಗೆ ಅರವತ್ತೇಳು ಲಕ್ಷದ ಸಂಖ್ಯೆಯೊಂದರ ಅವಿಭಾಜ್ಯತೆಯನ್ನು ನಾಲ್ಕು ಭಾಗಾಕಾರಗಳಲ್ಲಿ ನಿರ್ಣಯಿಸಬಹುದಾಗಿದೆ.

ನಮ್ಮ 4294967297ರ ನೆರೆಯಲ್ಲಿ, ಎರಡೇ ಹೆಜ್ಜೆ ಹಿಂದೆ, ಇನ್ನೊಂದು ಮಹತ್ತ್ವದ ಸಂಖ್ಯೆ ನಿಂತಿದೆ. 3, 5, 17, 257, 65537 ಈ ಐದನ್ನೂ ಒಟ್ಟಿಗೆ ಗುಣಿಸಿದರೆ ಸಿಕ್ಕುವುದು 4294967295. ಫರ್ಮಾ ಪಂಕ್ತಿಯ ಯಾವ ಸಂಖ್ಯೆಯಲ್ಲಾದರೂ ಎರಡನ್ನು ಕಳೆದರೆ ಅದರ ಹಿಂದಿನವುಗಳೆಲ್ಲದರ ಗುಣಲಬ್ಧ ದೊರೆಯುತ್ತದೆಯೆಂಬುದು ಸಾಮಾನ್ಯ ನಿಯಮ. ಆದುದರಿಂದ ಹಿಂದಿನ ಯಾವುದರಿಂದ ಭಾಗಿಸಿದರೂ ಶೇಷ ಎರಡೇ; 257 ನಮ್ಮ ಸಂಖ್ಯೆಯನ್ನು ಭಾಗಿಸಲಾರದೆಂದುದು ಇದರಿಂದಲೇ. ಪಂಕ್ತಿಯ ಯಾವ ಎರಡು ಸಂಖ್ಯೆಗಳಿಗೂ ಒಂದನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ ಎಂಬುದನ್ನು ಗೋಲ್ಡ್‌ಬಾಖ್ 1730ರಲ್ಲಿ ಆಯ್ಲರನಿಗೆ ಬರೆದು ತಿಳಿಸಿದ್ದನು. ಪ್ರತಿಯೊಂದಕ್ಕೂ ತನ್ನದೇ ಆದ ಅವಿಭಾಜ್ಯ ಭಾಜಕವಿರಬೇಕಾದ ಕಾರಣ ಅವಿಭಾಜ್ಯಗಳು ಅನಂತವೆಂಬ ಯೂಕ್ಲಿಡನ ತತ್ತ್ವವೂ ಇಲ್ಲಿ ಇನ್ನೊಂದು ಬಗೆಯಾಗಿ ಸಿದ್ಧಿಸುತ್ತದೆ.

ಆ 4294967295ಕ್ಕೆ ರೇಖಾಗಣಿತದಲ್ಲಿ ಒಂದು ಪೀಠವಿದೆ. 1796ರ ಮಾರ್ಚ್ 30ರಂದು, ಮೊದಲು ಹೇಳಿದ ಮೂವರಲ್ಲಿ ಮೂರನೆಯವನಾದ, ಇನ್ನೂ ಹತ್ತೊಂಬತ್ತು ತುಂಬದ ಜರ್ಮನ್ ಗಣಿತಜ್ಞ ಗೌಸನು, ಹದಿನೇಳು ಸಮಭುಜಗಳ ಆಕೃತಿಯನ್ನು ಕೈವಾರ ಮತ್ತು ನೇರಪಟ್ಟಿಗಳಿಂದಲೇ ರಚಿಸಬಹುದೆಂದು ಕಂಡುಕೊಂಡನು. ಗ್ರೀಕರ ಕಾಲದಿಂದ ಎರಡು ಸಾವಿರ ವರ್ಷ ಯಾರೂ ಒಂದು ಹೊಸ ಬಹುಭುಜವನ್ನೂ ಸೇರಿಸದಿದ್ದ ಪಟ್ಟಿಗೆ ಅದು ಸೇರಿತು. 1801ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ಕೊಟ್ಟ, 1837ರಲ್ಲಿ ವಾಂಟ್ಸೆಲ್ ಎಂಬ ಫ್ರೆಂಚ್ ಗಣಿತಜ್ಞನು ಪೂರ್ಣಗೊಳಿಸಿದ, ನಿಯಮದಂತೆ ಬೆಸಸಂಖ್ಯೆಯ ಭುಜಗಳುಳ್ಳ ಸಮಬಹುಭುಜವನ್ನು ಹೀಗೆ ರಚಿಸಬೇಕಾದರೆ ಭುಜಗಳ ಸಂಖ್ಯೆ ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ನಮಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಇಂದಿಗೂ ಐದೇ. ಅವುಗಳಿಂದ ಆಗಬಲ್ಲ ಬಹುಭುಜಗಳು ಮೂವತ್ತೊಂದು, ಅವುಗಳಲ್ಲಿ ಕಡೆಯದಕ್ಕೆ 4294967295 ಭುಜಗಳು. ಅಂಥ ಆಕೃತಿಯನ್ನು ಬರೆದವನಿಲ್ಲ, ಬರೆದರೂ ಕಣ್ಣಿಗೆ ವೃತ್ತವೆಂದೇ ತೋರೀತು. ಆದರೆ ಹೆರ್ಮೆಸ್ ಎಂಬ ಜರ್ಮನ್ ಪಂಡಿತನು 65537 ಭುಜಗಳದಕ್ಕಾಗಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದು ಸಿದ್ಧಪಡಿಸಿದ ಹಸ್ತಪ್ರತಿಯು ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಿತು. ಆ ಶ್ರಮವನ್ನು ಮೆಚ್ಚಬೇಕೋ ಮರುಗಬೇಕೋ ನಾನರಿಯೆ.

ಇಲ್ಲಿ ಛಂದಸ್ಸಿನವರ ಮೇರುಪ್ರಸ್ತಾರವೆಂಬ ಸಂಖ್ಯಾತ್ರಿಕೋಣ ನೆನಪಿಗೆ ಬರುತ್ತದೆ. ಹತ್ತನೆಯ ಶತಮಾನದ ಹಲಾಯುಧನು ಪಿಂಗಳಸೂತ್ರಗಳಿಗೆ ಬರೆದ ವ್ಯಾಖ್ಯಾನದಲ್ಲಿ ವಿವರಿಸಿರುವ ಆ ತ್ರಿಕೋಣವನ್ನೇ ಯೂರೋಪಿನವರು ಪಾಸ್ಕಲನ ಹೆಸರಿನಿಂದ ಕರೆಯುತ್ತಾರೆ. ನೆತ್ತಿಯಲ್ಲಿ ಒಂದು, ಅದರ ಕೆಳಗೆ ಒಂದು ಒಂದು, ಅದರ ಕೆಳಗೆ ಒಂದು ಎರಡು ಒಂದು, ಹೀಗೆ ಮೇಲಿನ ಎರಡು ಮನೆಗಳ ಮೊತ್ತ ಕೆಳಗಿನ ಮನೆಯಲ್ಲಿ. ಇದರಲ್ಲಿ ಬೆಸಸಂಖ್ಯೆ ಇರುವ ಮನೆಗಳಲ್ಲಿ 1ನ್ನೂ ಸಮಸಂಖ್ಯೆ ಇರುವಲ್ಲಿ 0ಯನ್ನೂ ಬರೆದು, ಪ್ರತಿ ಸಾಲನ್ನೂ ದ್ವಿಮಾನ ಪದ್ಧತಿಯ ಸಂಖ್ಯೆಯೆಂದು ಓದಿದರೆ 1, 3, 5, 15, 17, 51, 85, 255, 257 ಎಂದು ಸಾಗುತ್ತದೆ. ನೆತ್ತಿಯ ಒಂದನ್ನು ಬಿಟ್ಟರೆ ಮುಂದಿನ ಮೂವತ್ತೊಂದು ಸಾಲುಗಳೂ ಗೌಸನ ಮೂವತ್ತೊಂದು ಬಹುಭುಜಗಳನ್ನೇ ಏರುವ ಕ್ರಮದಲ್ಲಿ ಹೇಳುತ್ತವೆ! ಅದರ ಮುಂದಿನ ಸಾಲಿನಲ್ಲಿ ಎರಡು ತುದಿಗಳಲ್ಲಿ ಒಂದೊಂದು, ನಡುವೆ ಮೂವತ್ತೊಂದು ಸೊನ್ನೆಗಳು, ಅದೇ 4294967297. ಇದು ಅವಿಭಾಜ್ಯವಲ್ಲವಾದ ಕಾರಣ ಆ ಹೊಂದಾಣಿಕೆ ಅಲ್ಲಿಗೆ ಮುರಿದುಬೀಳುತ್ತದೆ. ಎಲ್ಲೆಕಲ್ಲು ಎಂದು ಮೊದಲು ಹೇಳಿದುದು ಈ ಅರ್ಥದಲ್ಲಿಯೇ.

ನಮ್ಮವರಿಗೆ ಹತ್ತಿರವಾದ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗಲಾರೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಬರೆಯಬಹುದು. ನಮ್ಮ ಸಂಖ್ಯೆಯನ್ನಾದರೋ 65536 ಮತ್ತು 1 ಇವುಗಳ ವರ್ಗಗಳ ಮೊತ್ತವಾಗಿಯೂ, 62264 ಮತ್ತು 20449 ಇವುಗಳ ವರ್ಗಗಳ ಮೊತ್ತವಾಗಿಯೂ ಬರೆಯಬಹುದು. ಈ ಎರಡನೆಯ ಬಗೆಯೇ ಅದರ ಗುಟ್ಟನ್ನು ಹೊರಹಾಕುತ್ತದೆ. ಅದು ಬಂದ ಬಗೆ ಹೀಗೆ: 641 ಎಂಬುದು 25 ಮತ್ತು 4ರ ವರ್ಗಗಳ ಮೊತ್ತ, 6700417 ಎಂಬುದು 2556 ಮತ್ತು 409ರ ವರ್ಗಗಳ ಮೊತ್ತ. ನಮ್ಮ ಗಣಿತಜ್ಞ ಬ್ರಹ್ಮಗುಪ್ತನು 628ರಲ್ಲಿ ವರ್ಗಪ್ರಕೃತಿಯ, ಎಂದರೆ ಒಂದು ಬಗೆಯ ವರ್ಗಸಮೀಕರಣಗಳ, ಪ್ರಸಂಗದಲ್ಲಿ ಹೇಳಿದ ಭಾವನಾವಿಧಿ ಎಂಬ ಗುಣಾಕಾರಕ್ರಮವನ್ನು ಹೋಲುವ ರೀತಿಯಲ್ಲಿ ಇವನ್ನು ಹೊಸೆಯೋಣ. 25 ಮತ್ತು 2556ರ ಗುಣಲಬ್ಧ 63900, 4 ಮತ್ತು 409ರದು 1636. ಕೂಡಿಸಿದರೆ 65536, ಕಳೆದರೆ 62264. ಅಡ್ಡಡ್ಡವಾಗಿ ಗುಣಿಸಿದರೆ 10225 ಮತ್ತು 10224. ಕಳೆದರೆ 1, ಕೂಡಿಸಿದರೆ 20449. ಒಂದೇ ಹೊಸೆತದಲ್ಲಿ ಎರಡು ಬಗೆಗಳೂ ಕೈಗೆ ಬಂದವು.

ಈ ಸಂಖ್ಯೆಯನ್ನು ಮನಸ್ಸಿನಲ್ಲಿಯೇ ಭೇದಿಸಿದ ಬಾಲಕನೊಬ್ಬನಿದ್ದನು. ಅಮೆರಿಕದ ವರ್ಮಾಂಟ್ ಪ್ರಾಂತದ ಜೀರಾ ಕೋಲ್ಬರ್ನ್ ಎಂಬ ಎಂಟು ವರ್ಷದ ಹುಡುಗನನ್ನು 1812ರಲ್ಲಿ ತಂದೆಯು ಲಂಡನ್ನಿಗೆ ಕರೆತಂದು ಪ್ರದರ್ಶನಕ್ಕಿಟ್ಟಾಗ, ಪರೀಕ್ಷಕರು 4294967297ನ್ನು ಮುಂದಿಡಲು ಅವನು 641ರಿಂದ ಭಾಗವಾಗುತ್ತದೆಂದು ಉತ್ತರಿಸಿದನಂತೆ. ದೊಡ್ಡವನಾದ ಮೇಲೆ ಬರೆದ ಆತ್ಮಕಥೆಯಲ್ಲಿ ಅವನು ತನ್ನ ಉಪಾಯವನ್ನು ತಿಳಿಸಿದ್ದಾನೆ: ಕೊಟ್ಟ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ನೋಡಿ, ಯಾವ ಯಾವ ಜೋಡಿಗಳನ್ನು ಗುಣಿಸಿದರೆ ಅವು ಬರುತ್ತವೆಯೋ ಆ ಜೋಡಿಗಳಿಂದ ಕೊನೆಗೊಳ್ಳುವ ಭಾಜಕಗಳನ್ನು ಹುಡುಕುವುದು. 41 ಮತ್ತು 17ರ ಗುಣಲಬ್ಧ 697. ನಮ್ಮ ಸಂಖ್ಯೆಯ ಕೊನೆಯಲ್ಲಿರುವುದೂ 97 ತಾನೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1977ರಲ್ಲಿ ಅಮೆರಿಕದಲ್ಲಿ 201 ಅಂಕಿಗಳ ಸಂಖ್ಯೆಯೊಂದರ ಇಪ್ಪತ್ತಮೂರನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿ ಲೋಕವಿಖ್ಯಾತರಾದರು. ಆದರೆ ಮೂಲವನ್ನು ತೆಗೆಯುವುದಕ್ಕೆ ನಿಶ್ಚಿತವಾದ ಮಾರ್ಗವಿದೆ, ಅಪವರ್ತನಗಳನ್ನು ಕಾಣುವುದಕ್ಕೆ ಅಂಥ ರಾಜಮಾರ್ಗವಿಲ್ಲವೆಂಬ ಭೇದವನ್ನು ಮರೆಯತಕ್ಕದ್ದಲ್ಲ. ಇಂದು ಬ್ಯಾಂಕುಗಳ ಗೋಪ್ಯ ಸಂದೇಶಗಳು ಸುರಕ್ಷಿತವಾಗಿರುವುದೂ ಬಹುಮಟ್ಟಿಗೆ ಆ ರಾಜಮಾರ್ಗವಿಲ್ಲದಿರುವುದರಿಂದಲೇ.

ಮೂವತ್ತೆರಡು ಬಿಟ್‌ಗಳ ಕಂಪ್ಯೂಟರುಗಳ ಕಾಲದಲ್ಲಿ ಈ ಸಂಖ್ಯೆಯ ಆಸುಪಾಸು ಇನ್ನೊಂದು ಬಗೆಯಲ್ಲಿ ಜನಬಳಕೆಗೆ ಬಂದಿತು. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು 4294967296, ಶ್ಲೋಕದ ಪ್ರಸ್ತಾರದಷ್ಟೇ. ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ ಅವುಗಳ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿದುಹೋಯಿತು.

ಫರ್ಮಾ ಪಂಕ್ತಿಯಲ್ಲಿ ನಮ್ಮ ಸಂಖ್ಯೆಯ ಮುಂದೆ ಬರುವ ತಮ್ಮಂದಿರ ಗತಿಯೇನಾಯಿತು? ಆರನೆಯದನ್ನು, ಎಂದರೆ ಚದುರಂಗದ ಹಲಗೆಯ ಮನೆಯಿಂದ ಮನೆಗೆ ಇಮ್ಮಡಿಸುತ್ತ ಇಟ್ಟ ಕಾಳುಗಳ ಒಟ್ಟು ಲೆಕ್ಕಕ್ಕಿಂತ ಎರಡು ಹೆಚ್ಚಾದ 18446744073709551617ನ್ನು, ಎಂಬತ್ತು ದಾಟಿದ ಲಾಂದ್ರಿ ಎಂಬ ಫ್ರೆಂಚ್ ವೃದ್ಧನು 1880ರಲ್ಲಿ ಭೇದಿಸಿ 274177 ಎಂಬ ಭಾಜಕವನ್ನು ತೋರಿಸಿದನು. ಅದಕ್ಕೂ ಮುನ್ನ ರಷ್ಯದ ಪಾದ್ರಿ ಪೆರ್ವೂಷಿನ್ ಎಂಬವನು ಕೈಲೆಕ್ಕದಿಂದಲೇ ಇಪ್ಪತ್ತಮೂರನೆಯ ಫರ್ಮಾ ಸಂಖ್ಯೆಗೆ 167772161 ಎಂಬ ಭಾಜಕವನ್ನು ಕಂಡುಹಿಡಿದಿದ್ದನು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಅಂಕಿಗಳುಳ್ಳ, ಬರೆಯಲು ಹಲವು ಸಂಪುಟಗಳೇ ಬೇಕಾದ ಸಂಖ್ಯೆಯದು! (640ರ ನಾಲ್ಕನೆಯ ಘಾತದ ಅಂಕಿಗಳು ಇಲ್ಲಿ ಮತ್ತೆ ಕಾಣಿಸಿಕೊಂಡುದು ಆಕಸ್ಮಿಕವಲ್ಲ, ಅಲ್ಲಿಯೂ ಇಲ್ಲಿಯೂ ಐದು ಮತ್ತು ಎರಡರ ಘಾತಗಳದೇ ಆಟ.) ಏಳನೆಯದರ ಕಥೆ ಬೇರೆ. ಭಾಜಕವನ್ನು ತೋರಿಸದೆಯೇ ಫರ್ಮಾ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ನಿರ್ಣಯಿಸುವ ಉಪಾಯವನ್ನು 1877ರಲ್ಲಿ ಪೆಪ್ಯಾಂ ಎಂಬ ಪಾದ್ರಿಯು ಕೊಟ್ಟಿದ್ದನು. ಈಗ ರೂಢಿಯಲ್ಲಿರುವ ರೂಪದಲ್ಲಿ ಅದು ಹೀಗೆ: ಮೂರನ್ನು ಮತ್ತೆ ಮತ್ತೆ ವರ್ಗಿಸಿ, ಪ್ರತಿ ಸಲವೂ ಆ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತ ಹೋಗಿ, ಕಡೆಯ ಶೇಷ ಋಣ ಒಂದು ಆಗದಿದ್ದರೆ ಅದು ಅವಿಭಾಜ್ಯವಲ್ಲ. ನಮ್ಮ ಐದನೆಯದಕ್ಕೆ ಇಂಥ ಮೂವತ್ತೊಂದು ವರ್ಗೀಕರಣಗಳು ಸಾಕು. ಎರಡರಿಂದ ಹೊರಟರೆ ಮಾತ್ರ ಈ ಬಗೆಯ ಪರೀಕ್ಷೆ ನಿಷ್ಫಲ. ಅಲ್ಲಿ ಫರ್ಮಾ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳ ವೇಷ ಧರಿಸಿ ಪಾರಾಗಿಬಿಡುತ್ತವೆ. ಪೆಪ್ಯಾಂನ ಉಪಾಯದಿಂದ ಏಳನೆಯದು ಅವಿಭಾಜ್ಯವಲ್ಲವೆಂದು 1905ರಲ್ಲಿಯೇ ತಿಳಿದಿತ್ತು. ಅದರ ಅಪವರ್ತನಗಳು ಸಿಕ್ಕಿದುದು 1970ರಲ್ಲಿ, ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಎಂಬವರಿಗೆ, ಕಂಪ್ಯೂಟರಿನ ನೆರವಿನಿಂದ.

ಪೂರ್ಣವಾಗಿ ಅಪವರ್ತಿಸಲ್ಪಟ್ಟಿರುವುವು ಹನ್ನೊಂದನೆಯವರೆಗಿನವು ಮಾತ್ರ. ಐದರಿಂದ ಮೂವತ್ತೆರಡರವರೆಗಿನ ಒಂದೂ ಅವಿಭಾಜ್ಯವಲ್ಲವೆಂಬುದು ನಿರ್ಣಯವಾಗಿದೆ. ಆದರೆ ಅವುಗಳಲ್ಲಿ ಇಪ್ಪತ್ತನೆಯದಕ್ಕೂ ಇಪ್ಪತ್ತನಾಲ್ಕನೆಯದಕ್ಕೂ ಒಂದು ಭಾಜಕವನ್ನಾದರೂ ಕಂಡವರಿಲ್ಲ. ಮೂವತ್ತಮೂರನೆಯದು 258 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ. ಪೆಪ್ಯಾಂನ ಪರೀಕ್ಷೆಯನ್ನು ಅದರ ಮೇಲೆ ನಡೆಸಿ ಮುಗಿಸಬಲ್ಲ ಯಂತ್ರ ಇನ್ನೂ ಒದಗಿಲ್ಲವಾದ್ದರಿಂದ ಆಸಕ್ತರು ಲೂಕಾನ ನಿಯಮವನ್ನು ಹಿಡಿದು ಅದರ ಭಾಜಕಕ್ಕಾಗಿ ಅರಸುತ್ತಿದ್ದಾರೆ. ಐದನೆಯದರಲ್ಲಿ 128ರ ಹೆಜ್ಜೆ ಹಾಕಿದರೆ ಸಾಕಾಗಿದ್ದೆಡೆಯಲ್ಲಿ ಇಲ್ಲಿ ಒಂದೊಂದು ಹೆಜ್ಜೆಯೂ 34359738368ರದು, ಎಂದರೆ 3435 ಕೋಟಿ 97 ಲಕ್ಷ 38 ಸಾವಿರದ 368ರಷ್ಟು ಉದ್ದ.